ಅರ್ಧ ಮಾತ್ರೆ

ಆ ಶುಕ್ರವಾರ ನಾನು ಒಂದು ಬ್ಯಾಚ್ ತಡೆಹಿಡಿದಿದ್ದೆ. ಜಿಗಣಿಯ ಒಂದು ಔಷಧ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ಕೆಲಸ ನನ್ನದು. ಮಾತ್ರೆಯಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಬರೆದ ಗೆರೆಯಲ್ಲಿ, ಮುಖ್ಯ ಶಿಖರದ ಪಕ್ಕದಲ್ಲಿ, ಸಾಸಿವೆ ಕಾಳಿನಷ್ಟು ಒಂದು ಉಬ್ಬು ಕಾಣಿಸಿತು. ಲೆಕ್ಕ ಹಾಕಿದೆ: ಶೇ 0.14. ಗುರುತು ಸಿಗದ ಕಲ್ಮಶ ಶೇ 0.10 ದಾಟುವಂತಿರಲಿಲ್ಲ. ಪ್ರೊಡಕ್ಷನ್‌ನವರು ಎರಡು ಸಲ ಬಂದು, 'ಸಾರ್, ಇನ್ನೊಂದು ಸಲ ಹಾಕಿ ನೋಡಿ, ಸೋಮವಾರ ಡಿಸ್ಪ್ಯಾಚ್ ಇದೆ' ಎಂದು ಗೋಗರೆದರು. 'ಏನು ಅಂತ ಗೊತ್ತಿಲ್ಲದ್ದನ್ನ ಜನರ ಹೊಟ್ಟೆಗೆ ಕಳಿಸೋಕಾಗಲ್ಲ' ಎಂದೆ. ಹಾಗೆ ಹೇಳುವಾಗ ನನಗೆ ಒಳಗೊಳಗೇ ಬಹಳ ಹೆಮ್ಮೆ.

ಮಾರನೆಯ ರಾತ್ರಿ, ಕನಕಪುರ ರಸ್ತೆಯಾಚೆಯ ಒಂದು ತೋಟದ ಮನೆಯಲ್ಲಿ, ಹೆಸರೂ ಗೊತ್ತಿಲ್ಲದ ಒಬ್ಬ ಹುಡುಗ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ನೀಲಿ ಮಾತ್ರೆ ಕೊಟ್ಟ. ಬ್ಯಾಚ್ ನಂಬರ್ ಇಲ್ಲ, ಎಕ್ಸ್‌ಪೈರಿ ಇಲ್ಲ, ಮಾಡಿದವನ ವಿಳಾಸವಿಲ್ಲ. ಅದರಲ್ಲಿ ಒಂದನ್ನು ನಾನು ನುಂಗಿದೆ. ಇನ್ನೊಂದನ್ನು ನನ್ನ ಚಿಕ್ಕಪ್ಪನ ಮಗನ ಅಂಗೈಯಲ್ಲಿಟ್ಟೆ.

'ಏನೂ ಆಗಲ್ವಾ ಅಣ್ಣ?' ಎಂದು ಕೇಳಿದ.

'ನಾನಿದ್ದೀನಲ್ಲ' ಎಂದೆ.

ಇದು ನಡೆದದ್ದು 2017ರ ಏಪ್ರಿಲ್‌ನಲ್ಲಿ. ನನಗೆ ಆಗ ಇಪ್ಪತ್ತೇಳು. ಅವನಿಗೆ ಇಪ್ಪತ್ತೆರಡು.

ನಮ್ಮದು ತಿಪಟೂರು ಕಡೆಯ ಹಳ್ಳಿ. ಕೊಬ್ಬರಿಯಲ್ಲೇ ಬದುಕು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಒಳಗಿನ ನೀರೆಲ್ಲ ಇಂಗಿ ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಆಗಿದೆಯೋ ಇಲ್ಲವೋ ತಿಳಿಯಲು ಅಪ್ಪ, ಚಿಕ್ಕಪ್ಪ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಲೊಟಗುಟ್ಟಬೇಕು, ನೀರಿನ ಸದ್ದು ಬರಬಾರದು. ಅನುಮಾನವಿದ್ದರೆ ಮತ್ತೆ ಅಟ್ಟಕ್ಕೆ. ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ರಸಾಯನಶಾಸ್ತ್ರದ ಎಂಎಸ್ಸಿ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಚಿಕ್ಕಪ್ಪ ಊರಿಗೆಲ್ಲ ಹೇಳಿಕೊಂಡು ಬಂದಿದ್ದರಂತೆ: 'ನಮ್ಮ ಹುಡುಗ ಮಾತ್ರೆ ಒಳ್ಳೇದೋ ಕೆಟ್ಟದ್ದೋ ಅಂತ ಹೇಳೋ ಕೆಲಸ ಮಾಡ್ತಾನೆ.'

ಮೊದಲ ಮಾತ್ರೆ ತಿಂದದ್ದು 2014ರಲ್ಲಿ, ಕೋರಮಂಗಲದ ಒಂದು ಫ್ಲ್ಯಾಟಿನ ಹುಟ್ಟುಹಬ್ಬದಲ್ಲಿ. ಯಾರೂ ಬಲವಂತ ಮಾಡಲಿಲ್ಲ. ಸಿನಿಮಾದಲ್ಲಿ ತೋರಿಸುವಂತೆ ಕೆಟ್ಟ ಮುಖದ ಪೆಡ್ಲರ್ ಯಾರೂ ಬಂದಿರಲಿಲ್ಲ. ಕೊಟ್ಟವಳು ಸಭ್ಯಳಾದ ಒಬ್ಬ ಗೆಳತಿ. ತಿಂದ ಮುಕ್ಕಾಲು ಗಂಟೆಗೆ, ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಗುಂಪಿನ ಅಂಚಿನಲ್ಲೇ ನಿಂತು ನೋಡುತ್ತಿದ್ದ ಹಳ್ಳಿ ಹುಡುಗನಿಗೆ ಎಲ್ಲರೂ ತನ್ನವರೇ ಅನ್ನಿಸಿತು. ಅದು ಸುಖವಲ್ಲ ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಸುಖವೇ. ಮೆದುಳಿನ ನರಕೋಶಗಳಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಒಳಗೆಳೆದುಕೊಳ್ಳುವ ಬಾಗಿಲುಗಳಿವೆ. ಆ ಮಾತ್ರೆಯಲ್ಲಿದ್ದ ಎಂಡಿಎಂಎ ಆ ಬಾಗಿಲುಗಳನ್ನು ಹಿಂದುಮುಂದು ಮಾಡಿಬಿಡುತ್ತದೆ. ಒಳಗೆ ಕೂಡಿಟ್ಟದ್ದೆಲ್ಲ ಒಮ್ಮೆಗೇ ಹೊರಕ್ಕೆ ಸುರಿಯುತ್ತದೆ. ಕಣಜ ಬರಿದು ಮಾಡಿ ಜಾತ್ರೆ ಮಾಡಿದ ಹಾಗೆ.

ಕಣಜ ತುಂಬಲು ದಿನ ಬೇಕು. ಭಾನುವಾರ ಹೇಗೋ ಕಳೆಯುತ್ತಿತ್ತು, ಸೋಮವಾರವೂ. ಮಂಗಳವಾರ ಬೆಳಿಗ್ಗೆ ಬನಶಂಕರಿಯಲ್ಲಿ ಕಂಪನಿ ಬಸ್ಸಿಗೆ ಕಾಯುತ್ತ ನಿಂತಾಗ ಕಾರಣವೇ ಇಲ್ಲದೆ ಅಳು ಬರುತ್ತಿತ್ತು. ದವಡೆ ನೋವು, ರಾತ್ರಿಯೆಲ್ಲ ಹಲ್ಲು ಕಡಿದು ಕೆನ್ನೆಯ ಒಳಗೆ ಗಾಯ. ಸ್ಟ್ಯಾಂಡರ್ಡ್ ತೂಕ ಮಾಡಿ ಇಟ್ಟೆನೋ ಇಲ್ಲವೋ ನೆನಪಾಗದೆ ಎರಡೆರಡು ಸಲ ತೂಗುತ್ತಿದ್ದೆ. ಇವೆಲ್ಲ ಏಕೆ ಎಂದು ನನಗೆ ಗೊತ್ತಿತ್ತು. ಏಕೆ ಎಂದು ಗೊತ್ತಿದ್ದುದರಿಂದಲೇ ಹಿಡಿತ ನನ್ನ ಕೈಯಲ್ಲಿದೆ ಅಂದುಕೊಂಡಿದ್ದೆ.

ಗೆಳೆಯರ ಬಳಗದಲ್ಲಿ ನನಗೆ 'ಮೇಷ್ಟ್ರು' ಎಂದು ಹೆಸರು ಬಿದ್ದಿತ್ತು. ಪಾರ್ಟಿಯಲ್ಲಿ ನಾನು ಹೇಳುವ ಕತೆಗಳು ಜನಪ್ರಿಯವಾಗಿದ್ದವು. ಎಂಡಿಎಂಎಯನ್ನು 1912ರಲ್ಲಿ ಜರ್ಮನಿಯ ಮೆರ್ಕ್ ಕಂಪನಿಯ ಆಂಟನ್ ಕೋಲಿಶ್ ಎಂಬ ರಸಾಯನ ತಜ್ಞ ತಯಾರಿಸಿದ್ದು. ಹಸಿವು ಕುಗ್ಗಿಸುವ ಮದ್ದಿಗಾಗಿ ಎಂದು ಜನ ಹೇಳುವುದು ಕಟ್ಟುಕತೆ, ಅವನು ಹುಡುಕುತ್ತಿದ್ದದ್ದು ರಕ್ತಸ್ರಾವ ನಿಲ್ಲಿಸುವ ಮದ್ದಿಗೆ ದಾರಿ. ಆಂಫೆಟಮಿನ್ ಇನ್ನೂ ಹಳೆಯದು, 1887ರದ್ದು. ಮೆಥಾಂಫೆಟಮಿನನ್ನು 1893ರಲ್ಲಿ ಜಪಾನಿನ ನಾಗಾಯಿ ನಾಗಾಯೋಷಿ ತಯಾರಿಸಿದ್ದು ಎಫೆಡ್ರಾ ಗಿಡದ ಎಫೆಡ್ರಿನ್‌ನಿಂದ. ಆ ಗಿಡವನ್ನು ನಮ್ಮಲ್ಲಿ ಕೆಲವರು ಸೋಮಲತೆ ಎನ್ನುತ್ತಾರೆ ಎಂದು ಸೇರಿಸಿ, 'ನಾವೆಲ್ಲ ಸೋಮರಸ ಕುಡಿದವರ ಮೊಮ್ಮಕ್ಕಳು ಗುರು' ಎಂದು ನಗಿಸುತ್ತಿದ್ದೆ. ಎಂಡಿಎಂಎಯನ್ನು ಅಮೆರಿಕ ನಿಷೇಧಿಸಿದ್ದೂ 1985ರಲ್ಲಿ, ಮಾದಕವಸ್ತುಗಳ ಮೇಲಿನ ನಮ್ಮ ಎನ್‌ಡಿಪಿಎಸ್ ಕಾಯ್ದೆ ಬಂದದ್ದೂ 1985ರಲ್ಲಿ ಎಂಬಂಥ ಕಾಕತಾಳೀಯಗಳೂ ಬಾಯಿಪಾಠ.

ಒಂದು ಕತೆಯನ್ನು ಮಾತ್ರ ವಕೀಲನ ಹಾಗೆ ಬಳಸುತ್ತಿದ್ದೆ. 1995ರಲ್ಲಿ ಇಂಗ್ಲೆಂಡಿನ ಲಿಯಾ ಬೆಟ್ಸ್ ಎಂಬ ಹುಡುಗಿ ತನ್ನ ಹದಿನೆಂಟನೆಯ ಹುಟ್ಟುಹಬ್ಬದ ಪಾರ್ಟಿಯಲ್ಲಿ ಒಂದು ಎಕ್ಸ್‌ಟಸಿ, ಅಂದರೆ ಇದೇ ಎಂಡಿಎಂಎ, ಮಾತ್ರೆ ನುಂಗಿ, ಪ್ರಜ್ಞೆ ತಪ್ಪಿ, ಕೆಲವು ದಿನಗಳಲ್ಲಿ ತೀರಿಕೊಂಡಳು. ಆಕೆ 90 ನಿಮಿಷದೊಳಗೆ 7 ಲೀಟರಿನಷ್ಟು ನೀರು ಕುಡಿದಿದ್ದಳು. ಮಿದುಳು ಊದಿಕೊಂಡಿತ್ತು. 'ನೋಡಿ, ಕೊಂದದ್ದು ಮಾತ್ರೆ ಅಲ್ಲ, ನೀರು' ಎಂದು ನಾನು ವಾದ ಮುಗಿಸುತ್ತಿದ್ದೆ. ಅಷ್ಟು ನೀರು ಏಕೆ ಮೈಯಲ್ಲೇ ಉಳಿಯಿತು ಎಂಬುದು ವಾದದ ಉಳಿದರ್ಧ. ಮೂತ್ರವನ್ನು ತಡೆಯುವ ಹಾರ್ಮೋನನ್ನು ಹೆಚ್ಚಿಸುವುದು ಇದೇ ಮಾತ್ರೆ. ಕುಡಿದ ನೀರು ಹೊರಗೆ ಹೋಗದೆ ರಕ್ತದ ಉಪ್ಪನ್ನು ತೆಳುವಾಗಿಸುತ್ತದೆ. ಆ ಅರ್ಧವನ್ನೂ ಓದಿದ್ದೆ. ಪಾರ್ಟಿಯಲ್ಲಿ ಹೇಳುತ್ತಿರಲಿಲ್ಲ.

ಮಧ್ಯೆ ಕೆಲವು ತಿಂಗಳು ಮೆಫೆಡ್ರೋನ್ ಹುಚ್ಚೂ ಹಿಡಿದಿತ್ತು. ಮುಂಬೈಯವರು ಎಂಡಿ ಎನ್ನುವ, ಪೇಪರಿನವರು ಮ್ಯಾವ್ ಮ್ಯಾವ್ ಎಂದು ಬರೆಯುವ ಬಿಳಿ ಪುಡಿ. 2015ರ ಫೆಬ್ರುವರಿವರೆಗೆ ಅದು ನಮ್ಮ ಕಾಯ್ದೆಯ ಪಟ್ಟಿಯಲ್ಲಿ ಇರಲಿಲ್ಲ. 'ಕಾನೂನಿನಲ್ಲಿಲ್ಲ ಅಂದ್ಮೇಲೆ ತಪ್ಪೇನು' ಎಂಬುದು ಆಗಿನ ನನ್ನ ತರ್ಕ. ಕಾನೂನಿನ ಪಟ್ಟಿ ನೋಡಿಕೊಂಡು ಎದೆ ಬಡಿದುಕೊಳ್ಳುವುದಿಲ್ಲವಲ್ಲ. ಆ ಪುಡಿಯ ಗುಣವೇನೆಂದರೆ, ಏರಿದಷ್ಟೇ ಬೇಗ ಇಳಿಯುತ್ತದೆ. ಇಳಿಯುವ ಮೊದಲೇ ಇನ್ನೊಂದು ಗೆರೆ ಬೇಕು. ಒಂದು ರಾತ್ರಿ ಬೆಳಕು ಹರಿಯುವ ಹೊತ್ತಿಗೆ ನನ್ನ ಬೆರಳ ತುದಿಗಳು ನೀಲಿಗಟ್ಟಿ ತಣ್ಣಗಾಗಿದ್ದವು. ಗುಂಡಿಗೆ ಪಂಪ್‌ಸೆಟ್ಟಿನಂತೆ ಬಡಿಯುತ್ತಿತ್ತು. ಹೆದರಿ ಪುಡಿ ಬಿಟ್ಟೆ. ಬಿಟ್ಟದ್ದನ್ನೇ ಸಾಧನೆಯೆಂದು ಹೇಳಿಕೊಂಡು ಮಾತ್ರೆಗೆ ವಾಪಸಾದೆ.

ಇಂಥ ನನ್ನ ರೂಮಿಗೆ ಚಿಕ್ಕಪ್ಪನ ಮಗ, ನನ್ನ ತಮ್ಮ, ಬಂದ. ತುಮಕೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಮೊದಲ ಕೆಲಸ. ಬಿಡಲು ಬಂದ ಚಿಕ್ಕಪ್ಪ ಒಂದು ಮೂಟೆ ತೆಂಗಿನಕಾಯಿ ಇಳಿಸಿ, ಟೀ ಕುಡಿದು, ಹೊರಡುವಾಗ 'ಒಬ್ಬನೇ ಮಗ ಕಣಪ್ಪ, ನಿನ್ನ ಕೈಗೆ ಬಿಟ್ಟಿದ್ದೀನಿ' ಎಂದರು. ಅವನು ಸಿಗರೇಟನ್ನೂ ಮುಟ್ಟದ ಹುಡುಗ. ನನ್ನ ಶನಿವಾರಗಳ ಗುಟ್ಟು ಅವನಿಗೆ ತಿಳಿಯಲು ಎರಡು ತಿಂಗಳು ಹಿಡಿಯಿತು. ಬೈಯುತ್ತಾನೆ ಅಂದುಕೊಂಡಿದ್ದೆ. ಅವನೋ ಪ್ರಶ್ನೆ ಕೇಳತೊಡಗಿದ. ನಾನು ಮೇಷ್ಟ್ರಲ್ಲವೆ, ಉತ್ತರ ಹೇಳಿದೆ. ನನ್ನ ಪಾಠ ಎಷ್ಟು ಚೆನ್ನಾಗಿತ್ತೆಂದರೆ ಅವನ ಭಯ ಹೋಯಿತು.

ಆ ಶನಿವಾರ ಹೋದ ತೋಟದ ಮನೆಯ ಹಾಲ್‌ಗೆ ತಗಡಿನ ಶೀಟಿನ ಮಾಡು. ಏಪ್ರಿಲ್ ತಿಂಗಳ ಕಾವು ರಾತ್ರಿ ಹನ್ನೊಂದಾದರೂ ಶೀಟಿನಿಂದ ಇಳಿಯುತ್ತಿತ್ತು. ಸದ್ದು ಹೊರಗೆ ಹೋಗಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಪರದೆ ಬಿಟ್ಟಿದ್ದರು. ನೂರಕ್ಕೂ ಹೆಚ್ಚು ಜನ ಕುಣಿಯುತ್ತಿದ್ದರು. ಒಂದು ಗಂಟೆ ಕಳೆದ ಮೇಲೆ ತಮ್ಮ ಬಂದು, 'ಏನೂ ಆಗ್ತಿಲ್ಲ ಅಣ್ಣ' ಎಂದ. ನನಗೂ ಅಷ್ಟಾಗಿ ಏನೂ ಆಗಿರಲಿಲ್ಲ. 'ಮಾಲು ಡಲ್ ಇದೆ' ಎಂದು ತೀರ್ಪು ಕೊಟ್ಟು ಅವನಿಗೆ ಇನ್ನೊಂದು ಕೊಟ್ಟೆ, ನಾನು ಅರ್ಧ ತಿಂದೆ. ಉಳಿದರ್ಧ ಜೇಬಿನಲ್ಲಿ.

ಆ ಎರಡನೆಯ ಮಾತ್ರೆಯ ಮೇಲೆ ಈಗ ನಾನು ಒಂದು ಇಡೀ ತರಗತಿ ತೆಗೆದುಕೊಳ್ಳಬಲ್ಲೆ. ತಡವಾಗಿ ಏರುವುದು ದುರ್ಬಲ ಮಾಲಿನ ಲಕ್ಷಣವೇ ಆಗಬೇಕಿಲ್ಲ. ಎಂಡಿಎಂಎ ಎಂದು ಮಾರುವ ಮಾತ್ರೆಯಲ್ಲಿ ಪಿಎಂಎ, ಪಿಎಂಎಂಎ ಎಂಬ ಬೇರೆಯೇ ರಾಸಾಯನಿಕಗಳಿರುವುದುಂಟು. ಅವು ನಿಧಾನಕ್ಕೆ ಏರುತ್ತವೆ, ಮೈಯನ್ನು ಇನ್ನೂ ಹೆಚ್ಚು ಕಾಯಿಸುತ್ತವೆ. ಏನೂ ಆಗಲಿಲ್ಲವೆಂದು ಇನ್ನೊಂದು ನುಂಗಿದವರು ಸತ್ತಿದ್ದಾರೆ. ಇನ್ನು ಅದು ಅಪ್ಪಟ ಎಂಡಿಎಂಎಯೇ ಆಗಿದ್ದರೂ ಒಂದಕ್ಕೆ ಒಂದು ಕೂಡಿದರೆ ಎರಡಾಗುವುದಿಲ್ಲ. ಅದನ್ನು ಒಡೆದು ಹಾಕುವ ಯಕೃತ್ತಿನ ಕಿಣ್ವವನ್ನೇ ಮೊದಲ ಮಾತ್ರೆ ಕಟ್ಟಿಹಾಕಿರುತ್ತದೆ. ಎರಡನೆಯದು ಬರುವ ಹೊತ್ತಿಗೆ ಮೋರಿ ಕಟ್ಟಿಕೊಂಡಿರುತ್ತದೆ, ರಕ್ತದಲ್ಲಿ ಮಟ್ಟ ಲೆಕ್ಕ ಮೀರಿ ಏರುತ್ತದೆ. ಆ ಕಿಣ್ವವೋ ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಒಂದೇ ಅಜ್ಜಿಯ ಮೊಮ್ಮಕ್ಕಳಾದರೂ ನನ್ನ ಮೈ ತಾಳಿದ್ದು ಅವನ ಮೈ ತಾಳಬೇಕೆಂದೇನಿಲ್ಲ.

ಹನ್ನೆರಡೂವರೆಗೆ ಅವನನ್ನು ನೋಡಿದಾಗ ಗೋಡೆಗೊರಗಿ ಕೂತಿದ್ದ. ಕೆಂಪು ಮುಖ, ಬಿಗಿದ ದವಡೆ, ಕಣ್ಣಿನ ಪಾಪೆ ಅಗಲ. ಅಂಗಿ ತೊಪ್ಪೆಯಾಗಿತ್ತು. ನೀರು ಬೇಕು ಎಂದ. ಕೊಟ್ಟೆ. ಮತ್ತೆ ಬೇಕು ಎಂದ. ಬಾಟಲಿ ಮೇಲೆ ಬಾಟಲಿ ನಾನೇ ಬಾಯಿಗೆ ಹಿಡಿದೆ. ಮೂರು ಲೀಟರ್ ಆಗಿರಬಹುದು. ಲಿಯಾ ಬೆಟ್ಸ್ ಕತೆಯನ್ನು ಇಪ್ಪತ್ತು ಸಲ ಹೇಳಿದ ಬಾಯಿ ನನ್ನದು. ಕೈ ಮಾತ್ರ ನೀರು ಸುರಿಯುತ್ತಿತ್ತು. ಹೊರಗಿನ ಗಾಳಿಗೆ ಕರೆದುಕೊಂಡು ಹೋಗಬೇಕೆಂದು ಹೊಳೆಯಲಿಲ್ಲ. ನನ್ನ ತಲೆಯೂ ನನ್ನದಾಗಿರಲಿಲ್ಲ ಎಂಬುದು ನಿಜ, ಆದರೆ ಆ ನೆಪವನ್ನು ಇಲ್ಲಿ ದೊಡ್ಡದು ಮಾಡಲಾರೆ.

ಒಂದೂವರೆಗೆ ಅವನು ಏನೇನೋ ತೊದಲತೊಡಗಿದ. ಅಮ್ಮನನ್ನು ಕರೆದ. ಮುಟ್ಟಿದರೆ ಹೆಂಚು ಮುಟ್ಟಿದ ಹಾಗೆ. ವಿಚಿತ್ರವೆಂದರೆ ಬೆವರು ನಿಂತುಹೋಗಿತ್ತು. 108ಕ್ಕೆ ಫೋನ್ ಮಾಡೋಣ ಎಂದ ಒಬ್ಬ. ಬೇಡ ಎಂದವನು ನಾನು. ಆಂಬುಲೆನ್ಸ್ ಬಂದರೆ ಪೊಲೀಸರು ಬರುತ್ತಾರೆ, ಪೊಲೀಸರು ಬಂದರೆ ಕೆಲಸ ಹೋಗುತ್ತದೆ, ಊರಿಗೆ ಗೊತ್ತಾಗುತ್ತದೆ. ಈ ಮೂರೂ ಯೋಚನೆ ಇದೇ ಸಾಲಿನಲ್ಲಿ ಬಂದವು. ಅವನು ಸಾಯಬಹುದು ಎಂಬುದು ಆ ಸಾಲಿನಲ್ಲಿ ಇರಲಿಲ್ಲ. ಕ್ಯಾಬ್ ಬುಕ್ ಮಾಡಿ, ಬರುವವರೆಗೆ ನಲವತ್ತು ನಿಮಿಷ ಕಾದೆವು.

ಕ್ಯಾಬಿನ ಚಾಲಕ, ಮಂಡ್ಯದ ಕಡೆ ಮಾತು, ಹಿಂದೆ ತಿರುಗಿ ಒಮ್ಮೆ ನೋಡಿದವನೇ ಗಾಡಿ ಬದಿಗೆ ನಿಲ್ಲಿಸಿದ. ಇಳಿಸಿಬಿಡುತ್ತಾನೆ ಅಂದುಕೊಂಡೆ. ಅವನು ಸೀಟಿನ ಮೇಲಿದ್ದ ಟವೆಲ್ ಎಳೆದು, ಬಾಟಲಿ ನೀರೆಲ್ಲ ಸುರಿದು, ಹಿಂಡದೆ ತಮ್ಮನ ಕತ್ತು ಎದೆಗೆ ಹೊದಿಸಿದ. ನಾಲ್ಕೂ ಕಿಟಕಿ ಇಳಿಸಿ, ಎಸಿಯನ್ನೂ ಹಾಕಿ ಓಡಿಸಿದ. 'ಕಾವು ಇಳೀಬೇಕು ಸಾ, ಮೊದ್ಲು ಕಾವು ಇಳೀಬೇಕು' ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆ ರಾತ್ರಿ ಸರಿಯಾದ ಚಿಕಿತ್ಸೆ ಶುರು ಮಾಡಿದ ಮೊದಲ ಮನುಷ್ಯ ಅವನು. ಬಾಡಿಗೆ ಕೊಟ್ಟೆ, ಹೆಸರು ಕೇಳಲಿಲ್ಲ.

ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರ್ ಕೇಳಿದರು: 'ಏನಾಯ್ತು? ಏನು ತಗೊಂಡಿದ್ದಾನೆ?'

'ಏನೂ ಇಲ್ಲ ಡಾಕ್ಟ್ರೇ. ನಿನ್ನೆ ಬಿಸಿಲಲ್ಲಿ ಕ್ರಿಕೆಟ್ ಆಡಿದ್ದ. ಸಂಜೆಯಿಂದ ಜ್ವರ.'

ಎಷ್ಟು ನೀಟಾಗಿ ಬಂತು ಸುಳ್ಳು! ಥರ್ಮಾಮೀಟರ್ 41.3 ತೋರಿಸಿತು. ಜ್ವರವೆಂದೇ ಶುರುವಾಯಿತು ಚಿಕಿತ್ಸೆ. ಡ್ರಿಪ್, ಪ್ಯಾರಾಸಿಟಮಾಲ್, ಡೆಂಗಿ ಪರೀಕ್ಷೆಗೆ ರಕ್ತ. ಮೆದುಳುಜ್ವರವಿರಬಹುದೆಂದು ಬೆನ್ನುಹುರಿಯ ನೀರು ತೆಗೆಯುವ ಮಾತೂ ಬಂತು. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬಾರದೆಂದು ನನಗೆ ಗೊತ್ತಿತ್ತು. ಅದೇ ಮಾತ್ರೆಯ ಎಷ್ಟು ಬ್ಯಾಚುಗಳಿಗೆ ನಾನು ಸಹಿ ಹಾಕಿಲ್ಲ! ಸೋಂಕಿನ ಜ್ವರದಲ್ಲಿ ಮಿದುಳು ತಾನೇ ಮೈಯ ಬಿಸಿಯ ಮಟ್ಟವನ್ನು ಮೇಲೇರಿಸಿಕೊಂಡಿರುತ್ತದೆ. ಪ್ಯಾರಾಸಿಟಮಾಲ್ ಇಳಿಸುವುದು ಆ ಮಟ್ಟವನ್ನು. ಇಲ್ಲಿ ಮಿದುಳಿನ ಮಟ್ಟ ಏರಿಲ್ಲ. ಸ್ನಾಯುಗಳು ಬಿಗಿದು ಬಿಗಿದು ಬೆಂಕಿ ಮಾಡುತ್ತಿವೆ, ಚರ್ಮದ ರಕ್ತನಾಳಗಳು ಮುದುಡಿ ಕಾವು ಹೊರಗೆ ಹೋಗದಂತೆ ಬಾಗಿಲು ಹಾಕಿವೆ. ಒಲೆ ಆರಿಸದೆ ಪಾತ್ರೆಯ ಮುಚ್ಚಳಕ್ಕೆ ಮದ್ದು ಹಚ್ಚುತ್ತಿದ್ದರು, ಹಚ್ಚಲು ಬಿಟ್ಟವನು ನಾನು.

ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿದೆ. ಅದನ್ನು ಬಹಳ ದಿನ ಯಾರಿಗೂ ಹೇಳಿರಲಿಲ್ಲ.

ನಮ್ಮ ಉದ್ಯಮದಲ್ಲಿ ಕಂಟ್ರೋಲ್ ಸ್ಯಾಂಪಲ್ ಎಂದೊಂದು ಪದ್ಧತಿಯಿದೆ. ಪ್ರತಿ ಬ್ಯಾಚಿನಿಂದ ಒಂದಷ್ಟು ಮಾತ್ರೆಗಳನ್ನು ತೆಗೆದು ಬೀಗ ಹಾಕಿದ ಕೋಣೆಯಲ್ಲಿ ಇಡುತ್ತೇವೆ. ಎಕ್ಸ್‌ಪೈರಿ ಕಳೆದು ಒಂದು ವರ್ಷದವರೆಗೂ ಅಲ್ಲಿರುತ್ತದೆ. ನಾಳೆ ಯಾರಿಗಾದರೂ ಏನಾದರೂ ಆದರೆ, ಅವರು ನುಂಗಿದ್ದು ಏನು ಎಂದು ತೆಗೆದು ನೋಡಬಹುದು. ಆ ಕೋಣೆಯ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಆಸ್ಪತ್ರೆಯಲ್ಲಿ, ಆ ರಾತ್ರಿ, ನನ್ನ ಜೇಬಿನಲ್ಲಿ ಅರ್ಧ ಮಾತ್ರೆ ಇತ್ತು. ತಮ್ಮನ ಹೊಟ್ಟೆಗೆ ಹೋದದ್ದು ಏನೆಂದು ಹೇಳಬಲ್ಲ ಒಂದೇ ಒಂದು ಸಾಕ್ಷಿ. ನಾನು ಬಾತ್‌ರೂಮಿಗೆ ಹೋಗಿ ಅದನ್ನು ಕಮೋಡಿಗೆ ಹಾಕಿ ಫ್ಲಶ್ ಎಳೆದೆ. ಕೆಳಗೆ ಹೋಯಿತೇ ಎಂದು ಬಗ್ಗಿ ನೋಡಿ, ಇನ್ನೊಂದು ಸಲ ಎಳೆದೆ.

ಹೊರಗೆ ಬರುವಷ್ಟರಲ್ಲಿ ತಮ್ಮನಿಗೆ ಫಿಟ್ಸ್ ಶುರುವಾಗಿತ್ತು.

ಆಗ ಬಂದವರು ಐಸಿಯುವಿನ ಡಾಕ್ಟರಮ್ಮ. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವರಿರಬೇಕು. ತಮ್ಮನ ಕಣ್ಣಿಗೆ ಟಾರ್ಚ್ ಬಿಟ್ಟರು, ದವಡೆ ಮುಟ್ಟಿದರು. ಆಮೇಲೆ ತಿರುಗಿ ನನ್ನ ಮುಖದ ಮೇಲೆ ಟಾರ್ಚ್ ಬಿಟ್ಟರು. ನನ್ನ ಪಾಪೆಗಳೂ ಕಾಸಿನಗಲ ಇದ್ದವಲ್ಲ. ತೋಳು ಹಿಡಿದು ಕಾರಿಡಾರಿಗೆ ಎಳೆದುಕೊಂಡು ಹೋದರು.

'ಎಂಎಲ್‌ಸಿ, ಪೊಲೀಸು, ಅದೆಲ್ಲ ಆಮೇಲೆ. ಅವನು ಏನು ತಗೊಂಡ? ಎಷ್ಟು? ಎಷ್ಟು ಗಂಟೆಗೆ? ಹೇಳ್ತೀಯೋ, ಇಲ್ಲ ಅವನ ಅಪ್ಪನಿಗೆ ಫೋನ್ ಮಾಡಿ ಬೇರೆ ಸುದ್ದಿ ಹೇಳ್ಲೋ?'

ಹೇಳಿದೆ. ಆಸ್ಪತ್ರೆಗೆ ಬಂದು ಒಂದು ಗಂಟೆ ಐವತ್ತು ನಿಮಿಷವಾಗಿತ್ತು.

'ಮಾತ್ರೆ ಇನ್ನೊಂದಿದೆಯಾ?'

'ಇಲ್ಲ' ಎಂದೆ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಆಮೇಲೆ ನಡೆದದ್ದನ್ನು ಗಾಜಿನಾಚೆಯಿಂದ ನೋಡಿದೆ. ಬಟ್ಟೆಯೆಲ್ಲ ಕತ್ತರಿಸಿ ತೆಗೆದರು. ಕಂಕುಳು, ತೊಡೆಸಂದಿಗೆ ಐಸು, ಮೈಮೇಲೆ ನೀರು, ಮೇಲಿಂದ ಫ್ಯಾನು. ನರಗಳ ಉದ್ರೇಕ ಇಳಿಸುವ ಮಿಡಾಜೊಲಾಮ್. ಕೊನೆಗೆ ಸ್ನಾಯುಗಳನ್ನು ಪೂರ್ತಿ ಸಡಿಲಿಸಿ ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರ್. ಈ ವಿಷಕ್ಕೆ ಪ್ರತಿವಿಷವಿಲ್ಲ. ಕಾವು ಇಳಿಸಬೇಕು, ಉದ್ರೇಕ ಇಳಿಸಬೇಕು, ಕಾಯಬೇಕು. ರಕ್ತದ ವರದಿ ಬಂತು: ಸೋಡಿಯಂ 124, ಇರಬೇಕಾದ್ದು 135ರಿಂದ 145. ಅದು ನಾನು ಕುಡಿಸಿದ ನೀರು. ಬೆಳಿಗ್ಗೆ ಎಂಟಕ್ಕೆ ಮೂತ್ರದ ಚೀಲ ನೋಡಿದೆ. ಕಾಫಿ ಡಿಕಾಕ್ಷನ್ ಬಣ್ಣ.

ಆ ಬಣ್ಣ ಸ್ನಾಯುವಿನದು. ಕಾವಿಗೆ, ಬಿಗಿತಕ್ಕೆ ಸ್ನಾಯುಕೋಶಗಳು ಬೆಂದು ಒಡೆದು ಒಳಗಿನ ಮಯೊಗ್ಲೋಬಿನ್ ರಕ್ತಕ್ಕೆ ಸುರಿಯುತ್ತದೆ. ಮೂತ್ರಪಿಂಡದ ಸಣ್ಣ ಕೊಳವೆಗಳಲ್ಲಿ ಗಸಿಯಂತೆ ಕಟ್ಟಿಕೊಳ್ಳುತ್ತದೆ. ಸ್ನಾಯು ಹಾನಿಯನ್ನು ಅಳೆಯುವ ಸಿಕೆ ಎಂಬ ಪರೀಕ್ಷೆ ಇದೆ. ಸಾಮಾನ್ಯವಾಗಿ 200ರ ಆಸುಪಾಸಿನೊಳಗೆ ಇರಬೇಕು. ತಮ್ಮನದು 42,000. ಮಾರನೆಯ ಸಂಜೆಗೆ ಚೀಲಕ್ಕೆ ಮೂತ್ರ ಬೀಳುವುದೇ ನಿಂತಿತು.

ಚಿಕ್ಕಪ್ಪ, ಚಿಕ್ಕಮ್ಮ ಮೊದಲ ಬಸ್ಸಿಗೆ ಬಂದಿದ್ದರು. ಚಿಕ್ಕಪ್ಪನ ಹೆಗಲಿನಲ್ಲಿ ಗೋಣಿಚೀಲ. ಹುಷಾರಿಲ್ಲದವರನ್ನು ನೋಡಲು ನಮ್ಮ ಕಡೆಯವರು ಬರಿಗೈಯಲ್ಲಿ ಬರುವುದಿಲ್ಲ, ಹತ್ತು ಎಳನೀರು ಕಿತ್ತು ತಂದಿದ್ದರು. ಸಿಸ್ಟರ್ ಅದನ್ನು ಕಂಡು ಗಾಬರಿಯಾದರು. 'ಅಯ್ಯೋ, ಇದು ಮಾತ್ರ ಬೇಡ ಅಪ್ಪಾ! ಎಳನೀರಲ್ಲಿ ಪೊಟ್ಯಾಸಿಯಂ ತುಂಬ. ಈಗಾಗ್ಲೇ ಇವನಿಗೆ ಜಾಸ್ತಿಯಾಗಿದೆ, ಹಾರ್ಟ್ ನಿಂತ್ಹೋಗತ್ತೆ' ಎಂದರು. ಒಡೆದ ಸ್ನಾಯುಗಳಿಂದ ಹೊರಬಂದ ಪೊಟ್ಯಾಸಿಯಂ 6.4ಕ್ಕೆ ಏರಿತ್ತು. ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲ. ತಾಯಿ ಹಾಲಿನಷ್ಟೇ ಒಳ್ಳೆಯದೆಂದು ಹುಟ್ಟಿನಿಂದ ನಂಬಿದ್ದು ಎಳನೀರನ್ನು. ನನ್ನ ಕಡೆ ತಿರುಗಿ, 'ಹೌದೇನೋ?' ಎಂದರು. ಓದಿದವನಲ್ಲವೆ ನಾನು. 'ಹೌದು ಚಿಕ್ಕಪ್ಪ' ಎಂದೆ. ಚೀಲವನ್ನು ಹೊರಗೆ ಒಯ್ದು ಸೆಕ್ಯುರಿಟಿಯವರಿಗೆ ಕೊಟ್ಟು ಬಂದರು.

ಮೂರನೆಯ ದಿನ, ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನಲ್ಲಿ, ಅವರಿಗೆ ಎಲ್ಲ ಹೇಳಿದೆ. ಅರ್ಧ ಮಾತ್ರೆಯ ವಿಷಯ ಬಿಟ್ಟು. ಹೊಡೆಯುತ್ತಾರೆ ಅಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು.

'ನೀನು ಕೊಟ್ಟೆಯಾ?'

'ಹೂಂ.'

'ಗೊತ್ತಿದ್ದೂ?'

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಎದ್ದು ಹೋಗಿ ಬೇರೆ ಬೆಂಚಿನಲ್ಲಿ ಕೂತರು. ಒಂದು ದಿನ ಬಿಟ್ಟು ಒಂದು ದಿನ ಡಯಾಲಿಸಿಸ್. ಮೂರು ವಾರ ಆ ಎರಡು ಬೆಂಚುಗಳಲ್ಲಿ ನಾವಿಬ್ಬರೂ ಕೂತಿದ್ದೆವು. ಹತ್ತೊಂಬತ್ತನೆಯ ದಿನ ಚಿಕ್ಕಮ್ಮ ಓಡಿ ಬಂದು, 'ಉಚ್ಚೆ ಹೊಯ್ದ ಕಣ್ರೀ!' ಎಂದು ಕಾರಿಡಾರಿನಲ್ಲೇ ಅತ್ತರು.

ಸ್ಟೇಷನ್ನು, ಹೇಳಿಕೆ, ಕೋರ್ಟು, ದಂಡ ಎಲ್ಲ ಆಯಿತು. ಸೇವಿಸುವುದೇ ಅಪರಾಧ, ಇನ್ನೊಬ್ಬನಿಗೆ ಕೊಡುವುದು ಇನ್ನೂ ದೊಡ್ಡದು. ಎಂಡಿಎಂಎ ವಿಷಯದಲ್ಲಿ 'ಸಣ್ಣ ಪ್ರಮಾಣ' ಎಂದರೆ ಅರ್ಧ ಗ್ರಾಂ. 10 ಗ್ರಾಂ ದಾಟಿದರೆ ಕಡಿಮೆಯೆಂದರೂ 10 ವರ್ಷ ಜೈಲು. ಇವನ್ನೆಲ್ಲ ನಾನು ಕಲಿತದ್ದು ವಕೀಲರ ಆಫೀಸಿನಲ್ಲಿ. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಹೋದರೆ ವಿಚಾರಣೆಯಿಂದ ರಕ್ಷಣೆ ಕೊಡುವ 64ಎ ಎಂಬ ಕಲಮೊಂದು ಅದೇ ಕಾಯ್ದೆಯಲ್ಲಿದೆ ಎಂಬುದನ್ನೂ. ಕೆಲಸ ಹೋಯಿತು. ಯಾವ ಮೂರು ಭಯಕ್ಕೆ 108ಕ್ಕೆ ಫೋನ್ ಮಾಡಲಿಲ್ಲವೋ ಆ ಮೂರೂ ನಿಜವಾದವು, ಎರಡು ಗಂಟೆ ತಡವಾಗಿ.

ಆ ರಾತ್ರಿಯೇ ನಾನು ಬಿಟ್ಟುಬಿಟ್ಟೆ ಎಂದು ಬರೆಯುವ ಆಸೆಯಿದೆ. ಬಿಡಲಿಲ್ಲ. ತಮ್ಮ ಡಿಸ್ಚಾರ್ಜ್ ಆದ ಎರಡು ತಿಂಗಳಿಗೆ, ಕೆಲಸವಿಲ್ಲದೆ ರೂಮಿನಲ್ಲಿ ಬಿದ್ದಿದ್ದಾಗ, ಮತ್ತೆ ತಿಂದೆ. ಒಬ್ಬನೇ ಕೂತು. ಈ ಸಲ ಯಾರೂ ನನ್ನವರು ಅನ್ನಿಸಲಿಲ್ಲ. ಬೆಳಿಗ್ಗೆ ಬಸ್ ಹತ್ತಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದ ಸಾಲಿನಲ್ಲಿ ನಿಂತೆ. ಹೆರಾಯಿನ್ ಚಟಕ್ಕೆ ಬುಪ್ರಿನಾರ್ಫಿನ್, ಮೆಥಡೋನ್ ಎಂಬ ಔಷಧಗಳಿವೆ. ಈ ಉತ್ತೇಜಕಗಳ ಚಟಕ್ಕೆ ಹಾಗೆ ಬರೆದುಕೊಡುವ ಮಾತ್ರೆ ಇಲ್ಲ ಎಂದು ಅಲ್ಲಿ ಹೇಳಿದಾಗ ನಗು ಬಂತು. ಮಾತ್ರೆಯನ್ನೇ ನಂಬಿ ಬದುಕಿದವನಿಗೆ ಮಾತಿನ ಮದ್ದು! ವಾರಕ್ಕೊಮ್ಮೆ ಕೂತು ಮಾತಾಡಬೇಕು, ಸುಳ್ಳು ಹೇಳದೆ. ಗುಂಪಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗ ಕ್ರಿಸ್ಟಲ್ ಮೆಥ್ ಸೇದುತ್ತಿದ್ದವನು. ಚರ್ಮದಡಿ ಹುಳ ಹರಿಯುತ್ತವೆಂದು ಮುಂಗೈಯನ್ನು ಕೆರೆದು ಕೆರೆದು ಹುಣ್ಣು ಮಾಡಿಕೊಂಡಿದ್ದ. ಹುಳವಿಲ್ಲ ಎಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಕೆರೆಯುತ್ತಿದ್ದ. ಅವನ ಪಕ್ಕ ಕೂತಾಗ ನನಗೆ ಮೇಷ್ಟ್ರಾಗಿ ಮಾತಾಡುವ ಚಪಲ ಹೋಯಿತು. ಅರ್ಧ ಮಾತ್ರೆಯ ವಿಷಯ ಮೊದಲ ಬಾರಿ ಬಾಯಿಬಿಟ್ಟದ್ದು ಅಲ್ಲೇ.

ಈಗ ಕುಡಿಯುವ ನೀರು ಪರೀಕ್ಷಿಸುವ ಒಂದು ಸಣ್ಣ ಲ್ಯಾಬಿನಲ್ಲಿದ್ದೇನೆ. ತಮ್ಮ ಬದುಕಿದ. ಆದರೆ ಮೂತ್ರಪಿಂಡ ಪೂರ್ತಿ ಹಿಂತಿರುಗಲಿಲ್ಲ. ಕ್ರಿಯಾಟಿನಿನ್ 2.3ಕ್ಕೆ ನಿಂತಿದೆ. ಬೆಂಗಳೂರು ಬಿಟ್ಟು ಊರಲ್ಲೇ ತೋಟ ನೋಡಿಕೊಳ್ಳುತ್ತಾನೆ. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ದಿನಕ್ಕೆ ಐದು ಮಾತ್ರೆ. ಅವನ ವರದಿಗಳನ್ನು ಮೊದಲು ಓದುವುದು ನಾನೇ. ಅಂಕಿ ಒಂದು ಗೀಟು ಏರಿದರೂ ಶೇ 0.14ರ ಆ ಉಬ್ಬು ಕಣ್ಣ ಮುಂದೆ ಬರುತ್ತದೆ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಚಿಕ್ಕಮ್ಮ ಬಸ್ಸಾರು, ಮುದ್ದೆ ಮಾಡಿದ್ದರು. ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನಲ್ಲೇ ಬಸ್ಸಾರಿನ ಜೀವವಿರುವುದು. ಪೊಟ್ಯಾಸಿಯಮ್ಮೂ ಇಳಿದಿರುವುದು ಅದೇ ನೀರಿಗೆ. ಹಾಗಾಗಿ ನಮ್ಮ ತಟ್ಟೆಗೆ ಸಾರು, ತಮ್ಮನ ತಟ್ಟೆಗೆ ಬಸಿದ ಪಲ್ಯ, ಬೇರೆ ಸಪ್ಪೆ ಸಾರು. ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಚಿಕ್ಕಪ್ಪ ನನ್ನೊಡನೆ ಈಗ ಮಾತಾಡುತ್ತಾರೆ, ಮಳೆ, ಕೊಬ್ಬರಿ ರೇಟು, ನುಸಿರೋಗ, ಇಂಥವು. ಊಟವಾದ ಮೇಲೆ ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ನೋಡುತ್ತಿದ್ದರು. ಒಂದೊಂದನ್ನೂ ಕಿವಿಗೆ ಹಿಡಿದು, ತಲೆ ವಾರೆ ಮಾಡಿ. ಅರ್ಧಕ್ಕರ್ಧ ವಾಪಸ್ ಇಡುತ್ತಿದ್ದರು.

ಸಂಜೆ ತಮ್ಮ ತೋಟಕ್ಕೆ ಕರೆದುಕೊಂಡು ಹೋದ. ಕುಳ್ಳ ಮರದಿಂದ ಒಂದು ಎಳನೀರು ಕಿತ್ತು, ಮಚ್ಚಿನಲ್ಲಿ ಮೂರು ಏಟಿಗೆ ಕೆತ್ತಿ, ಕಣ್ಣು ತೆರೆದು ನನ್ನ ಕೈಗಿಟ್ಟ. ಬೇಡ ಎನ್ನಲು ಬಾಯಿ ಬರಲಿಲ್ಲ. ಎತ್ತಿ ಕುಡಿದೆ. ಅವನು ಮಚ್ಚನ್ನು ಪಂಚೆಗೆ ಒರೆಸುತ್ತ ನನ್ನ ಗಂಟಲನ್ನೇ ನೋಡುತ್ತಿದ್ದ.

'ಸಿಹಿ ಐತೇನಣ್ಣ?' ಎಂದು ಕೇಳಿದ. 'ಈ ಮರದ್ದು ನಾನು ಕುಡಿದು ನೋಡಿಲ್ಲ. ಫಲ ಬಿಟ್ಟಿದ್ದೇ ಆಮೇಲೆ.'

ಸಿಹಿ ಇತ್ತು. ಇದೆ ಎಂದು ಹೇಳಿದೆ.